ಮಂಗಟ್ಟೆಯ ಲ್ಯಾಟಿನ್ ಹೆಸರು, ಒಂದಿಷ್ಟು ವ್ಯಾಕರಣ

ಹಕ್ಕಿ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಓರೆ ಅಕ್ಷರದಲ್ಲಿ ಎರಡು ಪದ ಇರುತ್ತವಲ್ಲ, ಅದನ್ನು ನಮ್ಮಲ್ಲಿ ಬಹಳ ಜನ ಓದುವುದೇ ಇಲ್ಲ. ನಾಲಿಗೆ ಹೊರಳುವುದಿಲ್ಲ, ಅರ್ಥವೂ ಆಗುವುದಿಲ್ಲ. ಡಾಕ್ಟರು ಬರೆದ ಚೀಟಿಯ ಹಾಗೆ, ಯಾರಿಗೆ ಬೇಕೋ ಅವರು ಓದಿಕೊಳ್ಳಲಿ ಅಂತ ಪುಟ ತಿರುಗಿಸುತ್ತೇವೆ. ಇವತ್ತು ಅಂಥ ಒಂದು ಹೆಸರನ್ನು ಬಿಡಿಸಿ ನೋಡೋಣ ಅನ್ನಿಸಿದೆ. ಹೆಸರು ಬುಸೆರೋಸ್ ಬೈಕಾರ್ನಿಸ್. ಹಕ್ಕಿ ಮಾತ್ರ ನಮ್ಮದೇ. ದೊಡ್ಡ ಮಂಗಟ್ಟೆ, ಅಂದರೆ ಈಗ ಎಲ್ಲರೂ ಹಾರ್ನ್‌ಬಿಲ್ ಅಂತ ಕರೆಯುವ ಹಕ್ಕಿ.

"ಲ್ಯಾಟಿನ್ ಕಟ್ಟಿಕೊಂಡು ನಮಗೇನಾಗಬೇಕು ಮಾರಾಯ್ರೇ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಹೆಸರುಗಳು ಹಕ್ಕಿಯ ಬಗ್ಗೆ ಹೇಳುವುದು ಬಹಳ ಕಡಿಮೆ. ಅವುಗಳ ಜೊತೆ ಬಂದ ವಿವರ ಕೆಲವು ಸಲ ಪೂರ್ತಿ ತಪ್ಪು. ಆದರೂ ಆ ಹೆಸರು ಕೈತಪ್ಪಿದರೆ ಹಕ್ಕಿಯೇ ದಾಖಲೆಯಿಂದ ಕೈತಪ್ಪಿ ಹೋಗುತ್ತದೆ. ಅದು ಹೇಗೆ ಅನ್ನುವುದೇ ಈ ಬರಹ.

*

ಒಂದೇ ಕಾಡು, ನಾಲ್ಕು ಮಂಗಟ್ಟೆ

ಬೆಳಗಾವಿಯಿಂದ ಲೋಂಡಾ ದಾಟಿ, ಅನಮೋಡ ಘಾಟಿನ ಮೂಲಕ ಗೋವೆಗೆ ಇಳಿಯುವ ದಾರಿಯಲ್ಲಿ ರಾಮನಗರ ಸಿಗುತ್ತದೆ. ಬೆಂಗಳೂರು-ಮೈಸೂರು ದಾರಿಯ ರಾಮನಗರ ಅಲ್ಲ, ಜೋಯಿಡಾ ತಾಲ್ಲೂಕಿನ ರಾಮನಗರ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಮನೆಮಠ ಕಳೆದುಕೊಂಡವರು ಬಂದು ನೆಲೆ ನಿಂತ ಊರು. ಸೂಪಾ ಎಂಬ ಊರು ನೀರಿನ ಕೆಳಗೆ ಹೋಯಿತು, ಹೆಸರು ಮಾತ್ರ ಅಣೆಕಟ್ಟಿನ ಮೇಲೆ ಉಳಿಯಿತು.

ನೋಡಿ, ಊರಿನ ಹೆಸರು ಹೇಳುವಾಗಲೇ ನಾನು "ಜೋಯಿಡಾದ ರಾಮನಗರ" ಅಂತ ಎರಡು ಪದ ಬಳಸಬೇಕಾಯಿತು. ಒಂದೇ ಪದ ಸಾಲಲಿಲ್ಲ. ಹಕ್ಕಿಗಳ ಎರಡು ಪದದ ಹೆಸರಿನ ಹಿಂದಿರುವ ತರ್ಕವೂ ಇಷ್ಟೇ.

ಈ ಸೀಮೆಯ ಕಾಡಿನಲ್ಲಿ, ಅಂದರೆ ದಾಂಡೇಲಿ, ಜೋಯಿಡಾ, ಅಣಶಿ ಕಡೆ, ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಕರ್ನಾಟಕದಲ್ಲಿ ಇರುವುದೇ ಈ ನಾಲ್ಕು. ಇಡೀ ಭಾರತದಲ್ಲಿ ಒಂಬತ್ತು. ದಾಂಡೇಲಿ ಅಭಯಾರಣ್ಯ 1956ರಲ್ಲಿ ಆಯಿತು. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರ ಕೊನೆಗೆ ಅದಕ್ಕೆ ಕಾಳಿ ಎಂದು ಹೆಸರಿಟ್ಟರು. ಈ ನಡುವೆ 2011ರಲ್ಲಿ ಮಂಗಟ್ಟೆಗಳಿಗಾಗಿಯೇ 52.50 ಚದರ ಕಿಲೋಮೀಟರ್ ಜಾಗವನ್ನು ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2018ರಲ್ಲಿ ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಹಬ್ಬವೂ ಶುರುವಾಯಿತು. ಮೀಸಲಿನ ಹೆಸರಿನಲ್ಲೂ ಹಬ್ಬದ ಹೆಸರಿನಲ್ಲೂ "ಮಂಗಟ್ಟೆ" ಇಲ್ಲ. ಅದು ಒಂದು ಬೇಸರ. ಇರಲಿ.

ಆ ನಾಲ್ಕು ಹಕ್ಕಿಗಳು ಇವು:

ಒಂದು, ದೊಡ್ಡ ಮಂಗಟ್ಟೆ: ಬುಸೆರೋಸ್ ಬೈಕಾರ್ನಿಸ್.
ಎರಡು, ಕಪ್ಪು-ಬಿಳಿ ಬಣ್ಣದ ಮಲಬಾರ್ ಮಂಗಟ್ಟೆ: ಆಂಥ್ರಕೋಸೆರೋಸ್ ಕೊರೊನೇಟಸ್. ದಾಂಡೇಲಿಗೆ ಕ್ಯಾಮೆರಾ ಹೊತ್ತು ಬರುವವರು ಹುಡುಕುವುದು ಹೆಚ್ಚಾಗಿ ಇದನ್ನೇ.
ಮೂರು, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ: ಒಸಿಸೆರೋಸ್ ಗ್ರೈಸಿಯಸ್.
ನಾಲ್ಕು, ಬಯಲುಸೀಮೆಯಲ್ಲೂ ಕಾಣುವ ಸಾಮಾನ್ಯ ಬೂದು ಮಂಗಟ್ಟೆ: ಒಸಿಸೆರೋಸ್ ಬೈರೋಸ್ಟ್ರಿಸ್.

ನಾಲ್ಕರ ಮೊದಲ ಪದವನ್ನೂ ಒಮ್ಮೆ ಗಟ್ಟಿಯಾಗಿ ಓದಿ. ಬುಸೆರೋಸ್, ಆಂಥ್ರಕೋಸೆರೋಸ್, ಒಸಿಸೆರೋಸ್, ಒಸಿಸೆರೋಸ್. ಬಾಲದಲ್ಲಿ ಎಲ್ಲದಕ್ಕೂ "ಸೆರೋಸ್". ಗುಟ್ಟು ಇರುವುದು ಅಲ್ಲೇ.

*

ಮೆಂತ್ಯಕ್ಕೂ ಮಂಗಟ್ಟೆಗೂ ಏನು ಸಂಬಂಧ?

ಹೆಸರು ಲ್ಯಾಟಿನ್ ಅನ್ನುತ್ತೇವೆ, ಆದರೆ ಬುಸೆರೋಸ್ ಹುಟ್ಟಿನಿಂದ ಗ್ರೀಕ್. ಲ್ಯಾಟಿನ್ ಅಂಗಿ ತೊಟ್ಟ ಗ್ರೀಕ್ ಪದ. ಗ್ರೀಕಿನಲ್ಲಿ "ಬೂಸ್" ಎಂದರೆ ದನ, ಎತ್ತು. "ಕೆರಾಸ್" ಎಂದರೆ ಕೊಂಬು. ಎರಡೂ ಸೇರಿ "ಬೂಕೆರೋಸ್", ಎತ್ತಿನ ಕೊಂಬಿನಂಥ ಕೊಂಬುಳ್ಳದ್ದು. ಲ್ಯಾಟಿನ್ ಕವಿಗಳು ಕೊಂಬಿನ ದನದ ಮಂದೆಗೆ ಇದೇ ಪದದ ರೂಪವನ್ನು ಬಳಸುತ್ತಿದ್ದರು. ಅವರಿಗೆ ಮಂಗಟ್ಟೆಯ ಗಂಧಗಾಳಿಯೂ ಇರಲಿಲ್ಲ.

ಇನ್ನೊಂದು ಮಜಾ ಇದೆ. ರೋಮಿನ ಪ್ಲಿನಿ, ಕ್ರಿಸ್ತಶಕ ಮೊದಲನೇ ಶತಮಾನದವನು, ಮೆಂತ್ಯದ ಬಗ್ಗೆ ಬರೆಯುತ್ತಾ ಅದರ ಹೆಸರುಗಳಲ್ಲಿ "ಬೂಕೆರಾಸ್" ಎಂಬುದನ್ನೂ ಸೇರಿಸುತ್ತಾನೆ. ಮೆಂತ್ಯದ ಕಾಯಿ ನೋಡಿದ್ದೀರಲ್ಲ? ಉದ್ದಕ್ಕೆ, ಸ್ವಲ್ಪ ಬಾಗಿ, ತುದಿ ಚೂಪಾಗಿ, ಥೇಟ್ ಕೊಂಬಿನ ಹಾಗೇ. ಆ ಹೆಸರನ್ನು ಕಟ್ಟಿದ್ದು ಕೂಡ ಇದೇ ಎರಡು ಪದಗಳಿಂದ. ಹೆಸರಿನ ಲೆಕ್ಕದಲ್ಲಿ ನಮ್ಮ ಅಡುಗೆಮನೆಯ ಮೆಂತ್ಯ ಮತ್ತು ಕಾಡಿನ ಮಂಗಟ್ಟೆ ಅಣ್ಣತಮ್ಮಂದಿರು :-)

ಈಗ ಸಂಸ್ಕೃತ ಗೊತ್ತಿರುವವರು ಸ್ವಲ್ಪ ಕಿವಿ ಕೊಡಿ. ಗ್ರೀಕಿನ "ಬೂಸ್" ಮತ್ತು ಸಂಸ್ಕೃತದ "ಗೋ" ಒಂದೇ ಮೂಲದಿಂದ ಬಂದ ಪದಗಳು. ಗ್ರೀಕಿನ "ಕೆರಾಸ್", ಲ್ಯಾಟಿನ್ನಿನ "ಕಾರ್ನು", ಇಂಗ್ಲಿಷಿನ "ಹಾರ್ನ್", ಸಂಸ್ಕೃತದ "ಶೃಂಗ", ಇವೂ ಒಂದೇ ಮನೆತನ. ಇಂಡೋ-ಯೂರೋಪಿಯನ್ ಭಾಷೆಗಳ ಮೂಲಪದಗಳನ್ನು ಹುಡುಕಿದ ಪಂಡಿತರು ಇದನ್ನು ಬಿಡಿಸಿಟ್ಟಿದ್ದಾರೆ. ಹಾಗಾಗಿ ಬುಸೆರೋಸ್ ಎಂಬುದನ್ನು ಪದಕ್ಕೆ ಪದ ಇಟ್ಟರೆ "ಗೋಶೃಂಗ" ಆಗುತ್ತದೆ. ನಮಗೆ ಬಾಯಿಗೆ ಬಾರದ ಪದ ಅಂದುಕೊಂಡಿದ್ದೆವು, ಅದು ನೆಂಟರ ಪೈಕಿ ಅಂತಾಯಿತು.

*

ಮುಕ್ಕಣ್ಣ ಮತ್ತು ಇಕ್ಕೊಂಬ

ಎರಡನೆಯ ಪದ ಬೈಕಾರ್ನಿಸ್. ಇದು ಅಪ್ಪಟ ಲ್ಯಾಟಿನ್. "ಬಿ" ಎಂದರೆ ಎರಡು, ಸಂಸ್ಕೃತದ "ದ್ವಿ"ಯ ಒಡಹುಟ್ಟು. "ಕಾರ್ನು" ಎಂದರೆ ಕೊಂಬು. ಎರಡು ಕೊಂಬಿನದು, ಅಂದರೆ "ದ್ವಿಶೃಂಗ".

ಶಾಲೆಯಲ್ಲಿ ಸಮಾಸ ಓದಿದ್ದು ನೆನಪಿದೆಯಾ? ಬಹುವ್ರೀಹಿಗೆ ಮೇಷ್ಟ್ರು ಯಾವಾಗಲೂ ಕೊಡುತ್ತಿದ್ದ ಉದಾಹರಣೆ "ಮುಕ್ಕಣ್ಣ". ಮೂರು ಕಣ್ಣುಗಳನ್ನು ಉಳ್ಳವನು ಯಾವನೋ ಅವನು, ಅಂದರೆ ಶಿವ. ಮೂರು ಎಂಬುದೂ ಮುಖ್ಯ ಅಲ್ಲ, ಕಣ್ಣು ಎಂಬುದೂ ಮುಖ್ಯ ಅಲ್ಲ, ಹೊರಗಿನ ಮೂರನೆಯವನು ಮುಖ್ಯ. ಬುಸೆರೋಸ್ ಮತ್ತು ಬೈಕಾರ್ನಿಸ್ ಎರಡೂ ಹೀಗೇ ಬಹುವ್ರೀಹಿ. ಎತ್ತೂ ಅಲ್ಲ, ಕೊಂಬೂ ಅಲ್ಲ, ಅಂಥ ಕೊಂಬುಳ್ಳ ಒಂದು ಹಕ್ಕಿ. ಕನ್ನಡದಲ್ಲಿ "ಎರಡು ಕೆಲ" ಸೇರಿ "ಇಕ್ಕೆಲ" ಆದ ಹಾಗೆ, ಬೈಕಾರ್ನಿಸ್ ಅನ್ನು "ಇಕ್ಕೊಂಬ" ಅಂತ ಮಾಡಬಹುದು. ಮುಕ್ಕಣ್ಣ, ಇಕ್ಕೊಂಬ. ಕೇಳಲು ಚೆನ್ನಾಗಿಯೇ ಇದೆ ಅಲ್ವಾ?

ಮಂಗಟ್ಟೆಗೆ ಎರಡು ಕೊಂಬು ಎಲ್ಲಿ ಬಂತು ಅಂತೀರಾ? ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದಂತೆ ಹಳದಿ ಶಿರಸ್ತ್ರಾಣ ಇರುತ್ತದಲ್ಲ, ದೊಡ್ಡ ಮಂಗಟ್ಟೆಯಲ್ಲಿ ಅದರ ನೆತ್ತಿ ಚಪ್ಪಟೆಯಾಗಿ, ನಡುವೆ ತಗ್ಗಾಗಿದೆ. ಎರಡು ಅಂಚುಗಳು ಏರಿಯಂತೆ ಎದ್ದು ಮುಂದೆ ಎರಡು ಮೊನೆಗಳಾಗಿ ನಿಲ್ಲುತ್ತವೆ. ಆ ಎರಡು ಮೊನೆಗಳೇ ಹೆಸರಿನ ಎರಡು ಕೊಂಬು.

ತಮಿಳರು ಈ ಹಕ್ಕಿಗೆ "ಇರುವಾಯ್ಚಿ" ಅನ್ನುತ್ತಾರೆ. ಇರು ಎಂದರೆ ಎರಡು, ವಾಯ್ ಎಂದರೆ ಬಾಯಿ. ಇನ್ನು 1786ರಲ್ಲಿ ಸ್ಕೋಪೊಲಿ ಎಂಬ ಇಟಲಿಯ ವಿದ್ವಾಂಸ ಸಾಮಾನ್ಯ ಬೂದು ಮಂಗಟ್ಟೆಗೆ ಇಟ್ಟ ಹೆಸರು ಬೈರೋಸ್ಟ್ರಿಸ್. ರೋಸ್ಟ್ರಮ್ ಎಂದರೆ ಕೊಕ್ಕು, ಬೈರೋಸ್ಟ್ರಿಸ್ ಎಂದರೆ ಎರಡು ಕೊಕ್ಕಿನದು. ತಮಿಳು ಹಳ್ಳಿಯವನಿಗೂ ಇಟಲಿಯ ಪಂಡಿತನಿಗೂ ಪರಿಚಯವಿಲ್ಲ, ಆದರೆ ಇಬ್ಬರ ಕಣ್ಣಿಗೂ ಬಿದ್ದದ್ದು ಒಂದೇ.

*

ಚೀನಾದ ಹಕ್ಕಿ!

ಬುಸೆರೋಸ್ ಬೈಕಾರ್ನಿಸ್ ಎಂದು ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ವರ್ಷ 1758. ಅವನ "ಸಿಸ್ಟಮಾ ನ್ಯಾಚುರೇ" ಗ್ರಂಥದ ಹತ್ತನೆಯ ಆವೃತ್ತಿ ಬಂದ ವರ್ಷ ಅದು. ಪ್ರಾಣಿಗಳ ಎರಡು ಪದದ ಹೆಸರುಗಳಿಗೆ ಇದೇ ಆರಂಭದ ಗಡಿ, ಅದಕ್ಕಿಂತ ಹಳೆಯ ಹೆಸರು ಲೆಕ್ಕಕ್ಕಿಲ್ಲ.

ಲಿನೇಯಸ್ ಭಾರತಕ್ಕೆ ಬಂದವನಲ್ಲ. ಈ ಹಕ್ಕಿ ಎಲ್ಲಿಯದು ಅನ್ನುವ ಕಡೆ ಅವನು ಬರೆದದ್ದು ಚೀನಾ ಅಂತ! ಆ ಕಾಲದ ಯುರೋಪಿನ ಪಂಡಿತರ ಕೈಗೆ ಮಂಗಟ್ಟೆಗಳು ಸಿಗುತ್ತಿದ್ದುದು ಹೆಚ್ಚಾಗಿ ಒಣಗಿದ ತಲೆ, ಕೊಕ್ಕುಗಳ ರೂಪದಲ್ಲಿ. ಹಡಗಿನವರು ತಂದದ್ದು, ಶ್ರೀಮಂತರ ವಿಚಿತ್ರ ವಸ್ತುಗಳ ಕಪಾಟಿನಲ್ಲಿ ಇಟ್ಟದ್ದು. ತಲೆ ಮಾತ್ರ ನೋಡಿದವರಿಗೆ ಕೊಂಬು ಬಿಟ್ಟು ಇನ್ನೇನು ಕಾಣಬೇಕು ಹೇಳಿ? ಅದಕ್ಕೇ ಮೊದಲ ಪದದಲ್ಲೂ ಕೊಂಬು, ಎರಡನೆಯದರಲ್ಲೂ ಕೊಂಬು. ಎತ್ತುಗೊಂಬಿನ ಎರಡುಗೊಂಬಿ.

ಕಾಡಿನಲ್ಲಿ ಈ ಹಕ್ಕಿಯನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಕೊಂಬಲ್ಲ. ರೆಕ್ಕೆಯ ಸದ್ದು. ಮರಗಳ ನೆತ್ತಿಯ ಮೇಲೆ ಹಾರಿ ಹೋಗುವಾಗ ಹಳೆಯ ಉಗಿಬಂಡಿ ಏದುಸಿರು ಬಿಟ್ಟ ಹಾಗೆ ಕೇಳುತ್ತದೆ. ಹಕ್ಕಿ ಕಾಣುವ ಮೊದಲೇ ಸದ್ದು ಬರುತ್ತದೆ. ಆಮೇಲೆ ಅದರ ಸಂಸಾರ. ಹೆಣ್ಣು ಮರದ ಪೊಟರೆ ಹೊಕ್ಕು ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಒಳಗೇ ಇರುತ್ತದೆ. ಉಳಿದಿರುವ ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ತಂದು ಉಣಿಸುತ್ತದೆ. ಗಂಡು ಸತ್ತರೆ ಒಳಗಿರುವವರ ಗತಿಯೂ ಅಧೋಗತಿ. ತಿಂದ ಹಣ್ಣಿನ ಬೀಜ ಕಾಡಿನ ತುಂಬ ಬಿತ್ತುವುದೂ ಇದೇ ಹಕ್ಕಿ. ಲ್ಯಾಟಿನ್ ಹೆಸರಿನಲ್ಲಿ ಇದರ ಒಂದಂಶವೂ ಇಲ್ಲ.

ಹಾಗಾದರೆ ಹೆಸರು ಬದಲಿಸಬಹುದಲ್ಲ? ಬದಲಿಸುವ ಹಾಗಿಲ್ಲ. ಪ್ರಾಣಿಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆ ಇದೆ, ಈಗ ಜಾರಿಯಲ್ಲಿರುವ ನಾಲ್ಕನೆಯ ಆವೃತ್ತಿ 1999ರದು. ಅದರ ಪ್ರಕಾರ, ಹೆಸರು ಹಕ್ಕಿಗೆ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಕಿತ್ತುಹಾಕುವಂತಿಲ್ಲ. ಮೊದಲು ಇಟ್ಟ ಹೆಸರಿಗೇ ಮೊದಲ ಹಕ್ಕು. ಮಲಬಾರ್ ಬೂದು ಮಂಗಟ್ಟೆಯನ್ನೇ ನೋಡಿ. ಅದರ ಕೊಕ್ಕಿನ ಮೇಲೆ ಶಿರಸ್ತ್ರಾಣವೇ ಇಲ್ಲ, ಬೋಳು ಕೊಕ್ಕು. ಆದರೂ ಒಸಿಸೆರೋಸ್ ಅಂತ ಹೆಸರಿನಲ್ಲಿ ಕೊಂಬು ಇಟ್ಟುಕೊಂಡು ಓಡಾಡುತ್ತಿದೆ. ನಮ್ಮಲ್ಲಿ ಕರಿಯಪ್ಪ ಎಂಬ ಹೆಸರಿನ ಬೆಳ್ಳಗಿನ ಮನುಷ್ಯ ಇರುವುದಿಲ್ಲವೇ, ಹಾಗೆ.

*

ಮೋಠಾ, ಮೋಠೀ, ಮೋಠಂ

ಇನ್ನು ವ್ಯಾಕರಣ. ಹೆದರಬೇಡಿ, ರಾಮನಗರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಅರ್ಥವಾಗುವಂಥದ್ದು.

ಆ ಊರಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ನಾವು "ದೊಡ್ಡ ಮಂಗಟ್ಟೆ, ದೊಡ್ಡ ಗುಬ್ಬಿ, ದೊಡ್ಡ ಹಕ್ಕಿ" ಅನ್ನುತ್ತೇವೆ. "ದೊಡ್ಡ" ಎಂಬುದು ಅಲುಗಾಡುವುದಿಲ್ಲ. ನಮ್ಮಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ. ಹಕ್ಕಿ ಎಲ್ಲವೂ ನಪುಂಸಕ, "ಹಕ್ಕಿ ಬಂತು" ಅಷ್ಟೇ. ಪಕ್ಕದಲ್ಲಿ ನಿಂತ ಮರಾಠಿಯವರು ಹಾಗಲ್ಲ. ಅವರಿಗೆ ಮಂಗಟ್ಟೆ "ಧನೇಶ್", ಪುಲ್ಲಿಂಗ, ಹಾಗಾಗಿ "ಮೋಠಾ ಧನೇಶ್". ಗುಬ್ಬಿ "ಚಿಮಣೀ", ಸ್ತ್ರೀಲಿಂಗ, ಹಾಗಾಗಿ "ಮೋಠೀ ಚಿಮಣೀ". ಹಕ್ಕಿ "ಪಾಖರೂ", ನಪುಂಸಕ, ಹಾಗಾಗಿ "ಮೋಠಂ ಪಾಖರೂ". ನಾಮಪದದ ಲಿಂಗ ಹೇಗೋ ವಿಶೇಷಣದ ಬಾಲವೂ ಹಾಗೇ ತಿರುಗಬೇಕು.

ಲ್ಯಾಟಿನ್ನೂ ಥೇಟ್ ಇದೇ ಜಾತಿ. ಪುಲ್ಲಿಂಗಕ್ಕೆ "ಅಸ್", ಸ್ತ್ರೀಲಿಂಗಕ್ಕೆ "ಆ", ನಪುಂಸಕಕ್ಕೆ "ಅಮ್". ಹಕ್ಕಿ ಹೆಸರಿನ ಮೊದಲ ಪದ ನಾಮಪದ, ಅದು ಕುಲದ ಹೆಸರು. ಎರಡನೆಯ ಪದ ವಿಶೇಷಣವಾಗಿದ್ದರೆ ಮೊದಲನೆಯದರ ಲಿಂಗವನ್ನು ಅನುಸರಿಸಲೇಬೇಕು. ಹೆಸರಿಟ್ಟವನೇ ತಪ್ಪು ಬರೆದಿದ್ದರೂ ತಿದ್ದಬೇಕು ಅನ್ನುತ್ತದೆ ಸಂಹಿತೆ.

ಉದಾಹರಣೆಗೆ ಕಬ್ಬಕ್ಕಿಗಳ ಗುಂಪಿನ ಒಂದು ಹಕ್ಕಿ. ಹಿಂದಿನ ಪುಸ್ತಕಗಳಲ್ಲಿ ಅದು ಸ್ಟರ್ನಸ್ ಮಲಬಾರಿಕಸ್. ಆಮೇಲೆ ಅದನ್ನು ಸ್ಟರ್ನಿಯಾ ಎಂಬ ಕುಲಕ್ಕೆ ಸೇರಿಸಿದರು. ಸ್ಟರ್ನಿಯಾ ಸ್ತ್ರೀಲಿಂಗ. ತಕ್ಷಣ ಹೆಸರು ಸ್ಟರ್ನಿಯಾ ಮಲಬಾರಿಕಾ ಆಯಿತು. ಹಕ್ಕಿ ಅದೇ, ಗಂಡೂ ಹೆಣ್ಣೂ ಎರಡೂ ಇವೆ, ಬದಲಾದದ್ದು ವ್ಯಾಕರಣ ಮಾತ್ರ.

ಎರಡನೆಯ ಪದ ಯಾವಾಗಲೂ ವಿಶೇಷಣವೇ ಆಗಬೇಕಿಲ್ಲ. ಅದೇ ಗುಂಪಿನ ಪಶ್ಚಿಮ ಘಟ್ಟದ ಹಕ್ಕಿ ಸ್ಟರ್ನಿಯಾ ಬ್ಲೈತಿಐ. ಇದು ಷಷ್ಠೀ ವಿಭಕ್ತಿ, "ಬ್ಲೈತನ". ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಎಡ್ವರ್ಡ್ ಬ್ಲೈತನ ನೆನಪಿಗೆ ಇಟ್ಟದ್ದು. ಷಷ್ಠಿಗೆ ಮೊದಲ ಪದದ ಲಿಂಗದ ಗೊಡವೆ ಇಲ್ಲ. ಇನ್ನು ಆಗ್ನೇಯ ಏಷಿಯಾದ ಮಂಗಟ್ಟೆಯೊಂದರ ಹೆಸರು ಬುಸೆರೋಸ್ ರೈನೋಸೆರೋಸ್. ಅಲ್ಲಿ ಎರಡನೆಯದೂ ನಾಮಪದ, "ಘೇಂಡಾಮೃಗ" ಅಂತ ಸುಮ್ಮನೆ ಪಕ್ಕಕ್ಕೆ ಕೂರಿಸಿದ್ದು. ಅದೂ ಬಾಲ ಅಲ್ಲಾಡಿಸುವುದಿಲ್ಲ.

ಈಗ ಮಂಗಟ್ಟೆಗೆ ಬನ್ನಿ. ಗ್ರೀಕಿನಲ್ಲಿ "ಕೆರಾಸ್", ಕೊಂಬು, ನಪುಂಸಕ ಲಿಂಗ. "ಸೆರಾಸ್" ಎಂದು ಮುಗಿಯುವ ಕುಲದ ಹೆಸರುಗಳು ಇವತ್ತಿಗೂ ನಪುಂಸಕ, ಪಳೆಯುಳಿಕೆ ಚಿಪ್ಪುಜೀವಿಗಳಲ್ಲಿ ಅಂಥವು ರಾಶಿ ಇವೆ. ಆದರೆ "ಸೆರೋಸ್" ಎಂದು ಮುಗಿದರೆ ಪುಲ್ಲಿಂಗ. ಒಂದು ಸ್ವರದ ವ್ಯತ್ಯಾಸ, ಅಷ್ಟರಲ್ಲಿ ಕೊಂಬು ಹೋಗಿ ಕೊಂಬುಳ್ಳವನು ಆಯಿತು. ಮೆಂತ್ಯದ ಬೂಕೆರಾಸ್ ಮತ್ತು ಹಕ್ಕಿಯ ಬೂಕೆರೋಸ್ ನಡುವಿನ ವ್ಯತ್ಯಾಸವೂ ಇದೇ.

ಆದ್ದರಿಂದ ಕೊರೊನೇಟಸ್ ಎಂಬುದು ಪುಲ್ಲಿಂಗ, "ಕಿರೀಟ ತೊಟ್ಟವನು". ಗ್ರೈಸಿಯಸ್ ಎಂಬುದೂ ಪುಲ್ಲಿಂಗ, "ಬೂದು ಬಣ್ಣದವನು". ಈ ಗ್ರೈಸಿಯಸ್ ಹಳೆಯ ರೋಮನರ ಪದ ಅಲ್ಲ, ಮಧ್ಯಯುಗದಲ್ಲಿ ಲ್ಯಾಟಿನ್ನಿಗೆ ನುಗ್ಗಿದ್ದು. ಬೈಕಾರ್ನಿಸ್, ಬೈರೋಸ್ಟ್ರಿಸ್ ಮಾತ್ರ ಬೇರೆ ಗುಂಪು. ಅವು ಗಂಡಿಗೂ ಹೆಣ್ಣಿಗೂ ಒಂದೇ ರೂಪ, ಸಂಸ್ಕೃತದ "ಶುಚಿಃ" ಇದ್ದ ಹಾಗೆ. ನಪುಂಸಕ ಆದರೆ ಮಾತ್ರ ಬೈಕಾರ್ನೆ ಆಗುತ್ತದೆ.

ಪೊಟರೆಯೊಳಗೆ ಮೊಟ್ಟೆಯ ಮೇಲೆ ಕೂತ ತಾಯಿ ಕೂಡ ಪುಸ್ತಕದಲ್ಲಿ "ಕಿರೀಟ ತೊಟ್ಟವನು" ಎಂದೇ ಇರುತ್ತಾಳೆ. ವ್ಯಾಕರಣದ ಲಿಂಗ ಬೇರೆ, ಜೀವದ ಲಿಂಗ ಬೇರೆ. ಗಂಡು ಹೆಣ್ಣು ಗೊತ್ತಾಗಬೇಕಾದರೆ ಹೆಸರಲ್ಲ, ಕಣ್ಣು ನೋಡಬೇಕು. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ.

*

ಆವರಣ ಚಿಹ್ನೆಯ ಅರ್ಥ

ದಾಂಡೇಲಿಯ ಕಿರೀಟಧಾರಿಗೆ ಕೊರೊನೇಟಸ್ ಎಂದು ಹೆಸರು ಬಂದದ್ದು 1783ರಲ್ಲಿ. ಫ್ರಾನ್ಸಿನ ಬಫಾನ್ ತನ್ನ ಪ್ರಕೃತಿ ಚರಿತ್ರೆಯ ಜೊತೆಗೆ ಬಣ್ಣದ ಚಿತ್ರಗಳ ದೊಡ್ಡ ಸಂಗ್ರಹ ಹೊರತಂದಿದ್ದ. ಒಟ್ಟು 1008 ಫಲಕಗಳು, ಅದರಲ್ಲಿ 973 ಹಕ್ಕಿಗಳವು. ಚಿತ್ರಗಳ ಕೆಳಗೆ ಇದ್ದದ್ದು ಫ್ರೆಂಚ್ ಹೆಸರು ಮಾತ್ರ, ಬಫಾನ್‌ಗೆ ಲಿನೇಯಸ್‌ನ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. ಡಚ್ ವೈದ್ಯ ಪೀಟರ್ ಬೊಡ್ಡೇರ್ಟ್ ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ಎರಡು ಪದದ ಲ್ಯಾಟಿನ್ ಹೆಸರು ಬರೆದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದ. ಅಚ್ಚಾದದ್ದು ಸುಮಾರು 50 ಪ್ರತಿ ಎನ್ನುತ್ತಾರೆ. ಆ 50 ಪ್ರತಿಯ ಪುಸ್ತಕದ ಹೆಸರುಗಳೇ ಇವತ್ತಿಗೂ ಎಷ್ಟೋ ಹಕ್ಕಿಗಳ ಹೆಸರು. ನಮ್ಮ ಹಳದಿ ಟಿಟ್ಟಿಭಕ್ಕೆ ವೆನೆಲಸ್ ಮಲಬಾರಿಕಸ್ ಹೆಸರಿನ ಮಲಬಾರಿಕಸ್ ಕೂಡ ಅಲ್ಲಿಂದಲೇ ಬಂದದ್ದು. ಪುಸ್ತಕ ಎಷ್ಟು ಪ್ರತಿ ಖರ್ಚಾಯಿತು ಎಂಬುದರ ಮೇಲೆ ಅದರ ಆಯಸ್ಸು ನಿಂತಿಲ್ಲ, ಕನ್ನಡದಲ್ಲಿ ಬರೆಯುವ ನಮಗೆಲ್ಲ ಇದು ಸಮಾಧಾನದ ಸಂಗತಿ :-)

ಬೊಡ್ಡೇರ್ಟ್ ಅದನ್ನು ಬುಸೆರೋಸ್ ಕುಲಕ್ಕೆ ಸೇರಿಸಿದ್ದ. ಆಮೇಲೆ ಅದು ಆಂಥ್ರಕೋಸೆರೋಸ್ ಕುಲಕ್ಕೆ ಹೋಯಿತು. ಆಂಥ್ರಾಕ್ಸ್ ಎಂದರೆ ಗ್ರೀಕಿನಲ್ಲಿ ಇದ್ದಿಲು, ಹಾಗಾಗಿ ಇದು "ಇದ್ದಿಲುಗೊಂಬ". ಹಳದಿ ಶಿರಸ್ತ್ರಾಣದ ಮೇಲೆ ಕಪ್ಪು ಪಟ್ಟೆ ನೋಡಿದವರಿಗೆ ಇದು ಸರಿ ಅನ್ನಿಸುತ್ತದೆ. ಹೀಗೆ ಮನೆ ಬದಲಾಯಿಸಿದ ಹಕ್ಕಿಯ ಹೆಸರಿನ ಮುಂದೆ ಹೆಸರಿಟ್ಟವನ ಹೆಸರನ್ನು ಆವರಣ ಚಿಹ್ನೆಯೊಳಗೆ ಹಾಕುತ್ತಾರೆ. ಬೊಡ್ಡೇರ್ಟ್ ಆವರಣದ ಒಳಗೆ, ಲಿನೇಯಸ್ ಹೊರಗೆ. ಏಕೆಂದರೆ ದೊಡ್ಡ ಮಂಗಟ್ಟೆ ಈಗ ಇರುವುದು ಲಿನೇಯಸ್ ಇಟ್ಟ ಬುಸೆರೋಸ್ ಮನೆಯಲ್ಲೇ.

ನಡುವೆ ಅದೂ ಒಮ್ಮೆ ಮನೆ ಬಿಟ್ಟಿತ್ತು. 1895ರಲ್ಲಿ ಬ್ಲಾನ್‌ಫರ್ಡ್ ಬರೆದ ಬ್ರಿಟಿಷ್ ಇಂಡಿಯಾದ ಹಕ್ಕಿಗಳ ಸಂಪುಟದಲ್ಲಿ ಅದು ಡೈಕೋಸೆರೋಸ್ ಬೈಕಾರ್ನಿಸ್. "ಡೈಕೋ" ಎಂದರೂ ಎರಡಾದದ್ದು. ಎರಡುಗೊಂಬಿನ ಎರಡುಗೊಂಬ! ಗೇಟ್ ಬಾಗಿಲು ಅಂದ ಹಾಗಾಯಿತು. ಅದೇ ಸಂಪುಟದಲ್ಲಿ ಬೂದು ಮಂಗಟ್ಟೆಗಳೆರಡೂ ಲೋಫೋಸೆರೋಸ್. ಆ ಸಂಪುಟದಲ್ಲಿ ಕುಲ ಬದಲಾದರೂ ಕೊನೆಯ "ಸೆರೋಸ್" ಬಿಡಲಿಲ್ಲ, ಹಾಗಾಗಿ ಎರಡನೆಯ ಪದದ ಬಾಲವೂ ತಿರುಗಲಿಲ್ಲ.

*

ಹೆಸರು ತಪ್ಪಿದರೆ

ಇಲ್ಲಿವರೆಗೆ ತಮಾಷೆ. ಈಗ ಸ್ವಲ್ಪ ಗಂಭೀರ ವಿಷಯ.

"ಮಲಬಾರಿಕಸ್" ಎಂಬ ಪದವನ್ನು ಇನ್ನೊಮ್ಮೆ ನೋಡಿ. ಇದರೊಳಗೆ ನಮ್ಮ "ಮಲೆ" ಕೂತಿದೆ. ಮಲೆಗೆ ಸಮುದ್ರದಾಚೆಯ ವ್ಯಾಪಾರಿಗಳು "ಬಾರ್" ಎಂಬ ಸೀಮೆವಾಚಕ ಸೇರಿಸಿ ಮಲಬಾರ್ ಮಾಡಿದರು. ಅದಕ್ಕೆ ಲ್ಯಾಟಿನ್ "ಇಕಸ್" ಸೇರಿತು, "ಲೌಕಿಕ", "ವೈದಿಕ" ಪದಗಳ "ಇಕ" ಇದರ ನೆಂಟ. ಹಳೆಯ ನಾವಿಕರ ಬಾಯಲ್ಲಿ ಮಲಬಾರ್ ಎಂದರೆ ಗೋವೆಯಿಂದ ಕೆಳಗಿನ ಕರಾವಳಿಯೆಲ್ಲ ಸೇರುತ್ತಿತ್ತು.

1788ರಲ್ಲಿ ಗ್ಮೆಲಿನ್ ಎಂಬ ಜರ್ಮನ್ ವಿದ್ವಾಂಸ ಬುಸೆರೋಸ್ ಮಲಬಾರಿಕಸ್ ಎಂದು ಒಂದು ಹೆಸರಿಟ್ಟ. ಇಪ್ಪತ್ತನೆಯ ಶತಮಾನದ ಪುಸ್ತಕಗಳಲ್ಲಿ, ಸಾಲಿಂ ಅಲಿ ಮತ್ತು ರಿಪ್ಲಿ ಅವರ ಕೈಪಿಡಿಯಲ್ಲೂ, ಆಂಥ್ರಕೋಸೆರೋಸ್ ಮಲಬಾರಿಕಸ್ ಎಂದು ಬರೆದಿದ್ದರೆ ಅದು ಹಿಮಾಲಯದ ತಪ್ಪಲು, ಈಶಾನ್ಯ ಭಾರತದ ಹಕ್ಕಿ. ಮಲಬಾರಿನಲ್ಲಿ ಅದು ಇಲ್ಲವೇ ಇಲ್ಲ! ಮಲಬಾರಿನ ಹಕ್ಕಿಯ ಲ್ಯಾಟಿನ್ ಹೆಸರು ಕೊರೊನೇಟಸ್, ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಮಲಬಾರ್. ಎರಡೂ ಕಪ್ಪು-ಬಿಳಿ, ಎರಡಕ್ಕೂ ಹಳದಿ ಕೊಕ್ಕು. ಈಗ ಉತ್ತರದ ಹಕ್ಕಿಯನ್ನು ಆಂಥ್ರಕೋಸೆರೋಸ್ ಆಲ್ಬಿರೋಸ್ಟ್ರಿಸ್, ಅಂದರೆ ಬಿಳಿ ಕೊಕ್ಕಿನದು, ಎಂದು ಕರೆಯುತ್ತಾರೆ.

ಇದರ ಪರಿಣಾಮ ಯೋಚಿಸಿ. ಹಳೆಯ ಒಂದು ಪಟ್ಟಿಯಲ್ಲಿ "ಮಲಬಾರಿಕಸ್" ಎಂದಿದೆ. ಇಂಗ್ಲಿಷ್ ಹೆಸರಿನ ಕಿವಿಗೆ ಅದು ದಾಂಡೇಲಿಯ ಹಕ್ಕಿ ಅನ್ನಿಸುತ್ತದೆ, ಲ್ಯಾಟಿನ್ ಪ್ರಕಾರ ಅಸ್ಸಾಮಿನದು. ನೂರು ವರ್ಷದ ಹಿಂದೆ ಯಾವ ಕಾಡಿನಲ್ಲಿ ಯಾವ ಮಂಗಟ್ಟೆ ಇತ್ತು, ಎಲ್ಲಿಂದ ಕಣ್ಮರೆಯಾಯಿತು ಎಂದು ಹುಡುಕುವವರಿಗೆ ಇದೊಂದು ಪದ ದಾರಿ ತಪ್ಪಿಸಬಲ್ಲದು. ಉತ್ತರ ಕನ್ನಡದಲ್ಲಿ ಅಂಥ ಹಳೆಯ ದಾಖಲೆ ಇದೆ ಕೂಡ. ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಜೆ. ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಸೂಪಾ ಮುಳುಗುವುದಕ್ಕೆ, ದಾಂಡೇಲಿಗೆ ಕಾರ್ಖಾನೆ ಬರುವುದಕ್ಕೆ ಎಷ್ಟೋ ಮೊದಲಿನ ಕಾಡಿನ ಲೆಕ್ಕ ಅದು. ಆ ಕಾಲದ ಹೆಸರುಗಳನ್ನು ಇಂದಿನ ಹೆಸರಿಗೆ ಹೊಂದಿಸಲು ಬಾರದಿದ್ದರೆ ಆ ಕಾಡು ನಮ್ಮ ಪಾಲಿಗೆ ಎರಡನೆಯ ಸಲ ಮುಳುಗಿದ ಹಾಗೆ.

ಅದೇ ಸೊಸೈಟಿಯ ಲಾಂಛನದಲ್ಲಿರುವ ಮಂಗಟ್ಟೆ ಎಲ್ಲಿಯದು ಗೊತ್ತಾ? ನಮ್ಮ ಕಾರವಾರದ್ದು! 1894ರಲ್ಲಿ ಹುಟ್ಟಿದ ಮರಿಯನ್ನು ಕಾರವಾರದವರೊಬ್ಬರು ಸೊಸೈಟಿಗೆ ಕೊಟ್ಟರು. ವಿಲಿಯಂ ಎಂದು ಹೆಸರಿಟ್ಟರು. ಮುಂಬಯಿಯ ಅಪೋಲೋ ಸ್ಟ್ರೀಟಿನ ಕಚೇರಿಯಲ್ಲಿ, ಪಂಜರದಲ್ಲಿ, 26 ವರ್ಷ ಇತ್ತು. ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. 1920ರಲ್ಲಿ ಸತ್ತಿತು. ಸೊಸೈಟಿಯ ಕಟ್ಟಡದ ಹೆಸರು ಇವತ್ತಿಗೂ ಹಾರ್ನ್‌ಬಿಲ್ ಹೌಸ್. ಕಾಡಿನಲ್ಲಿ ಮಂಗಟ್ಟೆ, ಪುಸ್ತಕದಲ್ಲಿ ಡೈಕೋಸೆರೋಸ್, ಪಂಜರದಲ್ಲಿ ವಿಲಿಯಂ. ಪಾಪದ ಹಕ್ಕಿ, ಅದಕ್ಕೆ ಎಷ್ಟು ಹೆಸರು!

*

ನಮ್ಮ ಹೆಸರಿಗೆ ಜಾಗ ಎಲ್ಲಿ?

ಊರ ಹೆಸರಿಗೆ ಲ್ಯಾಟಿನ್ನಿನಲ್ಲಿ ಜಾಗ ಇಲ್ಲ ಅಂತೇನಿಲ್ಲ. 1830ರ ದಶಕದಲ್ಲಿ ನೇಪಾಳದಲ್ಲಿದ್ದ ಬ್ರಯಾನ್ ಹಾಡ್ಜ್‌ಸನ್ ಅಲ್ಲಿಯ ದೊಡ್ಡ ಮಂಗಟ್ಟೆಗೆ ಅಲ್ಲಿಯ ಜನ ಕರೆಯುತ್ತಿದ್ದ ಹೆಸರನ್ನೇ ಇಟ್ಟ: ಬುಸೆರೋಸ್ ಹೋಮ್ರಾಯ್. ಬಹಳ ಕಾಲ ಹಿಮಾಲಯದ ಕಡೆಯ ಹಕ್ಕಿ ಹೋಮ್ರಾಯ್ ಉಪಜಾತಿ, ಪಶ್ಚಿಮ ಘಟ್ಟದ್ದು ಕ್ಯಾವೇಟಸ್, ಅಂದರೆ ತಗ್ಗುಳ್ಳದ್ದು, ಎಂದು ಎರಡು ಮಾಡಿದ್ದರು. ಈಗ ಎರಡೂ ಒಂದೇ ಎಂದು ತೀರ್ಮಾನವಾಗಿದೆ. ಲಿನೇಯಸ್‌ನದು ಮೊದಲಿನ ಹೆಸರು, ಹಾಗಾಗಿ ಬೈಕಾರ್ನಿಸ್ ಉಳಿಯಿತು, ಹೋಮ್ರಾಯ್ ಪರ್ಯಾಯ ಪದಗಳ ಪಟ್ಟಿಗೆ ಸೇರಿತು. ಹಕ್ಕಿಯನ್ನು ಮರದ ಮೇಲೆ ನೋಡಿದವರ ಹೆಸರು ಹೋಗಿ, ಕಪಾಟಿನಲ್ಲಿ ನೋಡಿದವರ ಹೆಸರು ನಿಂತಿತು.

ಇದರಲ್ಲಿ ಅಳುವಂಥದ್ದೇನಿಲ್ಲ ಅಂತ ನನ್ನ ಅಭಿಪ್ರಾಯ. ಲ್ಯಾಟಿನ್ ಹೆಸರಿನ ಕೆಲಸ ಹಕ್ಕಿಯನ್ನು ಬಣ್ಣಿಸುವುದಲ್ಲ, ಅದನ್ನು ಗುರುತಿಟ್ಟು ಕಟ್ಟಿಹಾಕುವುದು. ರೇಷನ್ ಕಾರ್ಡಿನ ನಂಬರಿನ ಹಾಗೆ. ಬಣ್ಣಿಸುವ ಕೆಲಸ ನಮ್ಮ ಭಾಷೆಯದು. ಆದರೆ ನಾವು ಆ ಕೆಲಸವನ್ನೂ ಮಾಡುತ್ತಿಲ್ಲ. ನಾಲ್ಕು ಹಕ್ಕಿಗೂ "ಹಾರ್ನ್‌ಬಿಲ್" ಅಂದುಬಿಡುತ್ತೇವೆ. ಫೋಟೋ ಹಾಕಿ "ದಾಂಡೇಲಿಯಲ್ಲಿ ಕಂಡ ಹಾರ್ನ್‌ಬಿಲ್" ಅಂತ ಬರೆದರೆ ಯಾವುದು ಅಂತ ನಾಳೆ ಯಾರಿಗೆ ಗೊತ್ತಾಗಬೇಕು? ಮಂಗಟ್ಟೆ ಎಂಬುದು ಕುಲದ ಹೆಸರಿದ್ದ ಹಾಗೆ, ಅದರ ಹಿಂದೆ ಒಂದು ಪದ ಸೇರಿಸಿದರೆ ನಮ್ಮದೂ ಎರಡು ಪದದ ಹೆಸರೇ. ದೊಡ್ಡ, ಕಪ್ಪು-ಬಿಳಿ, ಮಲೆಯ ಬೂದು, ಬಯಲ ಬೂದು. ಲಿನೇಯಸ್ ಬರುವ ಮೊದಲೇ ನಮ್ಮ ಅಜ್ಜಂದಿರು ಕರಿನಾಗರ, ಗೋಧಿನಾಗರ, ಕಾಡುಕೋಳಿ, ನೀರುಕೋಳಿ ಅಂತ ಇದೇ ಕ್ರಮದಲ್ಲಿ ಕರೆಯುತ್ತಿರಲಿಲ್ಲವೇ?

ಆದ್ದರಿಂದ ಹಕ್ಕಿ ಫೋಟೋ ಹಾಕುವ ಬ್ಲಾಗ್ ಗೆಳೆಯರಲ್ಲಿ ಒಂದೇ ಕೋರಿಕೆ. ಚಿತ್ರದ ಕೆಳಗೆ ನಿಮ್ಮ ಊರಿನ ಹೆಸರು ಬರೆಯಿರಿ, ಅದರ ಕೆಳಗೆ ಲ್ಯಾಟಿನ್ ಹೆಸರನ್ನೂ ಬಾಲ ತಪ್ಪದಂತೆ ಬರೆಯಿರಿ. ಒಂದು ಇಲ್ಲದಿದ್ದರೆ ಹಕ್ಕಿ ನಮ್ಮದಾಗುವುದಿಲ್ಲ, ಇನ್ನೊಂದು ಇಲ್ಲದಿದ್ದರೆ ಯಾವ ಹಕ್ಕಿ ಅಂತಲೇ ತಿಳಿಯುವುದಿಲ್ಲ. ದೊಡ್ಡ ಮಂಗಟ್ಟೆಯನ್ನು 2018ರಲ್ಲಿ ಅಪಾಯದ ಅಂಚಿಗೆ ಹೊರಳುತ್ತಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಎಲ್ಲೆಲ್ಲಿ ಕಂಡಿತು ಎಂಬ ಒಂದೊಂದು ಸಾಲು ಬರಹಕ್ಕೂ ಈಗ ಬೆಲೆ ಇದೆ.

ಅಂದಹಾಗೆ, ನಿಮ್ಮ ಕಡೆ ಮಂಗಟ್ಟೆಗೆ ಏನನ್ನುತ್ತಾರೆ? ಸಿದ್ಧಿಯರು, ಕುಣಬಿಯರು, ಗೌಳಿಗಳು ಇರುವ ಹಳ್ಳಿಗಳಿಂದ ಬಂದವರು ಯಾರಾದರೂ ಇದ್ದರೆ ಖಂಡಿತ ಬರೆದು ತಿಳಿಸಿ. ಯಾವ ಊರು, ನಾಲ್ಕರಲ್ಲಿ ಯಾವ ಹಕ್ಕಿ ಅನ್ನುವುದನ್ನು ಮಾತ್ರ ಮರೆಯಬೇಡಿ.